ಎಫ್ ಫಲಕ, 70ನೆಯ ರಿಲೇ: ದೋಷವರದಿಯ ಚರಿತ್ರೆಯಿಂದ ಕೆಲವು ಪುಟಗಳು

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಪಾಠ ಮಾಡುವವರೆಲ್ಲರೂ ವರ್ಷಕ್ಕೆ ನೂರು ಸಲವಾದರೂ ಕೇಳುವ ಮಾತು ಒಂದಿದೆ: "ಸಾರ್, ಇದು ವರ್ಕ್ ಆಗ್ತಾ ಇಲ್ಲ." ಏನು ಕೆಲಸ ಮಾಡುತ್ತಿಲ್ಲ? ಪೊಟೆನ್ಷಿಯೋಮೀಟರಿನ ತಂತಿಯೇ, ಗ್ಯಾಲ್ವನೋಮೀಟರೇ, ಬ್ಯಾಟರಿಯೇ? ಮುಳ್ಳು ಅಲುಗಾಡುವುದೇ ಇಲ್ಲವೋ, ಒಂದೇ ಕಡೆಗೆ ಓಡುತ್ತದೆಯೋ? ಇಷ್ಟನ್ನು ಕೇಳಿ ಹೊರಡಿಸುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ. ವಿದ್ಯಾರ್ಥಿಗಳಿಗೆ ಇದಕ್ಕಾಗಿ ಸಾಕಷ್ಟು ಉಪದೇಶ ಮಾಡಿದವನು ನಾನು. ಆದರೆ ಕೆಲವು ವರ್ಷಗಳ ಹಿಂದೆ ನಾನೇ ಅದೇ ಮಾತನ್ನು ಆಡಿ ಸಿಕ್ಕಿಬಿದ್ದೆ.

ಕಾಲೇಜಿನ ಆಂತರಿಕ ಅಂಕಗಳನ್ನು ಆಗ ತಾನೇ ಡೇಟಾಬೇಸಿಗೆ, ಅಂದರೆ ದತ್ತಸಂಚಯಕ್ಕೆ, ಏರಿಸಿದ್ದರು. ಅದನ್ನು ಸಿದ್ಧಪಡಿಸಿದ ತರುಣ ನನ್ನ ಹಳೆಯ ವಿದ್ಯಾರ್ಥಿ. ಒಂದು ಸಂಜೆ ಅವನಿಗೆ ಫೋನು ಮಾಡಿ, "ನಿನ್ನ ಡೇಟಾಬೇಸು ಸರಾಸರಿಯನ್ನು ತಪ್ಪು ತಪ್ಪಾಗಿ ಕೊಡುತ್ತಿದೆಯಪ್ಪಾ" ಎಂದೆ. ಅವನು ಸಮಾಧಾನದಿಂದಲೇ, "ಸಾರ್, ಐದು ಜನರ ಅಂಕ ಮಾತ್ರ ಹೇಳಿ. ಎಷ್ಟು ಬರಬೇಕು ಅಂತ ನಿಮ್ಮ ಲೆಕ್ಕ? ಅದು ಎಷ್ಟು ತೋರಿಸ್ತಿದೆ?" ಎಂದು ಕೇಳಿದ. ಮೂವರಿಗೆ 40, 50, 60, ಇಬ್ಬರು ಗೈರುಹಾಜರು. ನನ್ನ ಲೆಕ್ಕದಲ್ಲಿ ಸರಾಸರಿ 30. ಯಂತ್ರ ತೋರಿಸುತ್ತಿದ್ದುದು 50. ಹೇಳುತ್ತಿರುವಾಗಲೇ ಅರ್ಥವಾಯಿತು. ಗೈರುಹಾಜರಾದವರ ಅಂಕವನ್ನು ಸೊನ್ನೆ ಎಂದು ತುಂಬಿರಲಿಲ್ಲ, ಖಾಲಿ ಬಿಟ್ಟಿದ್ದರು. ದತ್ತಸಂಚಯದ ಭಾಷೆಯಲ್ಲಿ ಖಾಲಿ ಜಾಗ ಸೊನ್ನೆಯಲ್ಲ. ಸರಾಸರಿ ತೆಗೆಯುವಾಗ ಅದನ್ನು ಎಣಿಕೆಯಿಂದಲೇ ಬಿಡಬೇಕೆಂಬುದು ನಿಯಮ. 150ನ್ನು ಮೂರರಿಂದ ಭಾಗಿಸಿದ ಯಂತ್ರ ಸರಿಯಾಗಿಯೇ ಇತ್ತು. ತಪ್ಪಿದ್ದುದು ನನ್ನ ನಿರೀಕ್ಷೆ, ಮತ್ತು ನನ್ನ ವರದಿ.

ಮಾಡಿದ್ದೇನು, ನಿರೀಕ್ಷಿಸಿದ್ದೇನು, ಕಂಡದ್ದೇನು ಎಂಬ ಮೂರು ಪ್ರಶ್ನೆಗಳು ನಮ್ಮ ಪ್ರಯೋಗದ ದಾಖಲೆ ಪುಸ್ತಕದವೇ ಅಲ್ಲವೇ? ಗಣಕಗಳ ಲೋಕ ಇವನ್ನು ತನ್ನದಾಗಿಸಿಕೊಳ್ಳಲು ಹಲವು ದಶಕಗಳನ್ನು ತೆಗೆದುಕೊಂಡಿತು. ನಡುವೆ ಜೀವಗಳೂ ಹೋದವು. ಆ ಚರಿತ್ರೆಯ ಕೆಲವು ಪುಟಗಳನ್ನು ಇಲ್ಲಿ ತೆರೆದು ನೋಡೋಣ.

ಅಂಟಿಸಿದ ಪತಂಗ

ಗಣಕದ ದೋಷಕ್ಕೆ 'ಬಗ್' ಅಂದರೆ ಹುಳು ಎಂಬ ಹೆಸರು ಬಂದ ಕಥೆ ಬಹುಮಂದಿಗೆ ಗೊತ್ತು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್-2 ಗಣಕದೊಳಗೆ ಒಂದು ಪತಂಗ ಸಿಕ್ಕಿಕೊಂಡಿತ್ತು. ಗ್ರೇಸ್ ಹಾಪರ್ ಅವರ ತಂಡ ಅದನ್ನು ಹೊರತೆಗೆಯಿತು. ಕಥೆಯಲ್ಲಿ ಒಂದು ಸಣ್ಣ ತಿದ್ದುಪಡಿ ಬೇಕು: ಪದ ಅಂದು ಹುಟ್ಟಿದ್ದಲ್ಲ. ಥಾಮಸ್ ಎಡಿಸನ್ 1878ರಷ್ಟು ಹಿಂದೆಯೇ ತನ್ನ ಉಪಕರಣಗಳ ಸಣ್ಣಪುಟ್ಟ ತೊಡಕುಗಳನ್ನು ಒಂದು ಪತ್ರದಲ್ಲಿ ಹಾಗೆ ಕರೆದಿದ್ದ. ಇದು ನಿಜವಾಗಿಯೂ ಹುಳುವೇ ಸಿಕ್ಕ ಮೊದಲ ಪ್ರಸಂಗ ಎಂದು ಹಾರ್ವರ್ಡಿನವರು ದಾಖಲೆ ಪುಸ್ತಕದಲ್ಲಿ ಬರೆದುಕೊಂಡದ್ದರ ತಮಾಷೆ ಇರುವುದೇ ಅಲ್ಲಿ. ಬರೆದ ಕೈ ಹಾಪರ್ ಅವರದಲ್ಲ ಎಂದೂ ಹೇಳುತ್ತಾರೆ. ಇರಲಿ.

ನನಗೆ ಆ ಪುಟದಲ್ಲಿ ಇಷ್ಟವಾಗುವುದು ಹೆಸರಿನ ಕಥೆಗಿಂತ ಬರೆದ ರೀತಿ. ದಿನಾಂಕವಿದೆ. ವೇಳೆ ಇದೆ: ಮಧ್ಯಾಹ್ನ 3 ಗಂಟೆ 45 ನಿಮಿಷ. ಸ್ಥಳವಿದೆ: ಎಫ್ ಫಲಕ, 70ನೆಯ ರಿಲೇ. ಅಂದು ಮೊದಲು ಯಾವ ಯಾವ ಪರೀಕ್ಷೆಗಳನ್ನು ನಡೆಸಿದರು ಎಂಬುದು ಮೇಲಿನ ಸಾಲುಗಳಲ್ಲಿದೆ. ಕೊನೆಗೆ ಸಾಕ್ಷ್ಯ: ಸತ್ತ ಪತಂಗವನ್ನೇ ಟೇಪು ಹಚ್ಚಿ ಪುಟಕ್ಕೆ ಅಂಟಿಸಿದ್ದಾರೆ. ಆ ಪುಸ್ತಕ ಇಂದು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ. "ಯಂತ್ರ ಕೆಟ್ಟಿತ್ತು, ಸರಿಮಾಡಿದೆವು" ಎಂದಷ್ಟೇ ಬರೆದಿದ್ದರೆ ಅದನ್ನು ಯಾರೂ ಜೋಪಾನ ಮಾಡುತ್ತಿರಲಿಲ್ಲ.

ದತ್ತಸಂಚಯದ ದೋಷ ಏಕೆ ಬೇರೆ

ರಿಲೇಯೊಳಗಿನ ಪತಂಗ ಕಣ್ಣಿಗೆ ಕಾಣುತ್ತದೆ. ತಂತ್ರಾಂಶದ ದೋಷ ಹಾಗಲ್ಲ. ಅದರಲ್ಲೂ ದತ್ತಸಂಚಯದ ದೋಷಕ್ಕೆ ಎರಡು ಕೆಟ್ಟ ಗುಣಗಳಿವೆ.

1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಮಾಹಿತಿಯನ್ನು ಕೋಷ್ಟಕಗಳಾಗಿ ಕಾಣುವ ಗಣಿತೀಯ ಮಾದರಿಯೊಂದನ್ನು ಪ್ರಕಟಿಸಿದರು. ಅದರ ಮೇಲೆ 70ರ ದಶಕದಲ್ಲಿ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ 'ಸಿಸ್ಟಮ್ ಆರ್', ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 'ಇಂಗ್ರೆಸ್' ತಯಾರಾದವು. ಇಂದು ಬ್ಯಾಂಕು, ರೈಲು ಮುಂಗಡ ಟಿಕೆಟ್ಟು, ಪಡಿತರ ಚೀಟಿ, ಪರೀಕ್ಷಾ ಫಲಿತಾಂಶ ಎಲ್ಲದರ ಹಿಂದೆಯೂ ಇರುವುದು ಬಹುಮಟ್ಟಿಗೆ ಇವುಗಳ ವಂಶದವೇ. ಇಂಥ ದತ್ತಸಂಚಯದ ಜೀವಾಳ 'ವಹಿವಾಟು' ಎಂಬ ಕಲ್ಪನೆ. ರಾಮನ ಖಾತೆಯಿಂದ ನೂರು ರೂಪಾಯಿ ಕಳೆದು ರಹೀಮನ ಖಾತೆಗೆ ಸೇರಿಸುವುದು ಎರಡು ಕೆಲಸಗಳಾದರೂ ಒಂದೇ ವಹಿವಾಟು. ನಡೆದರೆ ಎರಡೂ ನಡೆಯಬೇಕು, ಇಲ್ಲವೇ ಎರಡೂ ನಡೆಯಬಾರದು. ನಡುವೆ ಕರೆಂಟು ಹೋದರೂ ಈ ಕಟ್ಟುಪಾಡು ಮುರಿಯಬಾರದು. ಒಮ್ಮೆ 'ಆಯಿತು' ಎಂದು ಹೇಳಿದ ಮೇಲೆ ಅದು ಡಿಸ್ಕಿನಲ್ಲಿ ಉಳಿದೇ ಇರಬೇಕು.

ಈಗ ದೋಷದ ಮೊದಲ ಗುಣ ನೋಡಿ. ಲೆಕ್ಕ ಮಾಡುವ ಕ್ರಮವಿಧಿ ತಪ್ಪಿದರೆ ಮತ್ತೆ ನಡೆಸಬಹುದು. ದತ್ತಸಂಚಯ ತಪ್ಪಿದರೆ ತಪ್ಪು ಒಳಗೇ ಉಳಿದುಬಿಡುತ್ತದೆ. ಇಂದು ಹೊಕ್ಕ ತಪ್ಪು ಮಾರ್ಚ್ ತಿಂಗಳ ಲೆಕ್ಕಪತ್ರದಲ್ಲಿ ತಲೆ ಎತ್ತೀತು. ಅಷ್ಟರಲ್ಲಿ ಕಾರಣದ ಜಾಡು ಅಳಿಸಿಹೋಗಿರುತ್ತದೆ. ಎರಡನೆಯದು, ನೂರಾರು ಜನ ಏಕಕಾಲಕ್ಕೆ ಒಂದೇ ಕೋಷ್ಟಕವನ್ನು ಮುಟ್ಟುತ್ತಿರುತ್ತಾರೆ. ಯಾರ ಹೆಜ್ಜೆ ಯಾರದಕ್ಕಿಂತ ಮೊದಲು ಬಿತ್ತು ಎಂಬುದರ ಮೇಲೆ ಫಲಿತಾಂಶ ನಿಂತಿದ್ದರೆ, ಸಾವಿರಕ್ಕೆ ಒಂದು ಸಲ ಮಾತ್ರ ಕಾಣುವ ದೋಷ ಹುಟ್ಟುತ್ತದೆ. ಅದನ್ನು ವರದಿ ಮಾಡಿದವನಿಗೆ ಸಿಗುವ ಉತ್ತರವೂ ಸಿದ್ಧವಾಗಿರುತ್ತದೆ: "ನಮ್ಮಲ್ಲಿ ಹಾಗೆ ಆಗುತ್ತಿಲ್ಲವಲ್ಲ."

ಬೋರ್ ಮತ್ತು ಹೈಸನ್‌ಬರ್ಗ್

ಈ ಉತ್ತರವನ್ನು ಮೊದಲ ಬಾರಿಗೆ ಅಂಕಿಅಂಶಗಳಿಂದ ಎದುರಿಸಿದವರಲ್ಲಿ ಜಿಮ್ ಗ್ರೇ ಮುಖ್ಯರು. ಅವರು ಬರ್ಕ್‌ಲಿಯಲ್ಲಿ ಡಾಕ್ಟರೇಟ್ ಪಡೆದು, ಸಿಸ್ಟಮ್ ಆರ್ ತಂಡದಲ್ಲಿ ದುಡಿದು, 1980ರಲ್ಲಿ ಟ್ಯಾಂಡೆಮ್ ಎಂಬ ಕಂಪನಿ ಸೇರಿದರು. ವಹಿವಾಟು ಕುರಿತ ಕೆಲಸಕ್ಕಾಗಿ 1998ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. (2007ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಕಡಲಿಗೆ ಒಬ್ಬರೇ ಹಾಯಿದೋಣಿಯಲ್ಲಿ ಹೋದವರು ಮರಳಲಿಲ್ಲ. ಉಪಗ್ರಹ ಚಿತ್ರಗಳನ್ನು ಹಂಚಿಕೊಂಡು ಸಾವಿರಾರು ಜನ ಹುಡುಕಿದರೂ ಸುಳಿವು ಸಿಗಲಿಲ್ಲ.)

ಟ್ಯಾಂಡೆಮ್ ತಯಾರಿಸುತ್ತಿದ್ದುದು ಬ್ಯಾಂಕು ಮತ್ತು ಷೇರು ಮಾರುಕಟ್ಟೆಗಳಿಗೆ ಬೇಕಾದ, ನಿಲ್ಲದೆ ನಡೆಯುವ ಗಣಕಗಳನ್ನು. ಪ್ರತಿ ಮುಖ್ಯ ಕೆಲಸಕ್ಕೂ ಜೋಡಿ ಕ್ರಮವಿಧಿ. ಒಂದು ಬಿದ್ದರೆ ಇನ್ನೊಂದು ಎತ್ತಿಕೊಳ್ಳುತ್ತದೆ. ಹಾಗಿದ್ದೂ ಅವು ಏಕೆ ನಿಲ್ಲುತ್ತವೆ? 1985ರಲ್ಲಿ ಗ್ರೇ ಇದೇ ಪ್ರಶ್ನೆಯನ್ನು ತಲೆಬರಹವಾಗಿಸಿ ಒಂದು ವರದಿ ಬರೆದರು. ಏಳು ತಿಂಗಳಲ್ಲಿ ಗಿರಾಕಿಗಳಿಂದ ಬಂದ ದೋಷವರದಿಗಳೇ ಅವರ ದತ್ತಾಂಶ: 2,000ಕ್ಕೂ ಹೆಚ್ಚು ಯಂತ್ರಗಳು, 166 ವೈಫಲ್ಯಗಳು. ಹೊಸ ಯಂತ್ರ, ಹೊಸ ತಂತ್ರಾಂಶಗಳ ಬಾಲಾರಿಷ್ಟಗಳನ್ನು ಬಿಟ್ಟು ಉಳಿದವನ್ನು ವಿಂಗಡಿಸಿದಾಗ ಯಂತ್ರಾಂಶದ ಪಾಲು ಸುಮಾರು 18 ಪ್ರತಿಶತ ಮಾತ್ರ. ತಂತ್ರಾಂಶದ್ದು 25, ನಡೆಸುವವರ ಮತ್ತು ದುರಸ್ತಿ ಮಾಡುವವರ ಪಾಲು 42, ವಿದ್ಯುತ್ತು ಮುಂತಾದ ಪರಿಸರದ ಕಾರಣಗಳು 14. ಗಣಕ ನಿಂತಿತೆಂದರೆ ಯಾವುದೋ ಬಿಡಿಭಾಗ ಸುಟ್ಟಿತು ಎಂದುಕೊಳ್ಳುತ್ತಿದ್ದ ಕಾಲಕ್ಕೆ ಇದು ದೊಡ್ಡ ಸುದ್ದಿ.

ನಮ್ಮಂಥವರಿಗೆ ರುಚಿಸುವುದು ಮುಂದಿನ ಭಾಗ. ಗ್ರೇ ತಂತ್ರಾಂಶ ದೋಷಗಳನ್ನು ಎರಡು ಜಾತಿ ಮಾಡಿದರು. ಒಂದು 'ಬೋರ್‌ಬಗ್'. ನೀಲ್ಸ್ ಬೋರನ ಪರಮಾಣುವಿನ ಹಾಗೆ ಗಟ್ಟಿಮುಟ್ಟು. ಅದೇ ಹೆಜ್ಜೆ ಇಟ್ಟರೆ ಅದೇ ಜಾಗದಲ್ಲಿ ಪ್ರತಿಸಲವೂ ಎಡವುತ್ತದೆ. ಇನ್ನೊಂದು 'ಹೈಸನ್‌ಬಗ್'. ಹುಡುಕಲು ಹೋದರೆ ಮಾಯ. ಮತ್ತೆ ನಡೆಸಿದರೆ ಎಲ್ಲ ಸರಿ. ಈ ಎರಡನೆಯ ಹೆಸರನ್ನು ಬಳಕೆಗೆ ತಂದವರು ಗ್ರೇ ಅವರ ಸಹೋದ್ಯೋಗಿ, ದತ್ತಸಂಚಯ ತಜ್ಞ ಬ್ರೂಸ್ ಲಿಂಡ್ಸೆ. ಭೌತವಿಜ್ಞಾನಿಯಾಗಿ ಒಂದು ತಕರಾರು ದಾಖಲಿಸುತ್ತೇನೆ: ಹೈಸನ್‌ಬರ್ಗನ ಅನಿಶ್ಚಿತತಾ ತತ್ತ್ವ ಹೇಳುವುದು ಕಣದ ಸ್ಥಿತಿಯ ಬಗ್ಗೆಯೇ ಹೊರತು ಅಳೆಯುವವನ ಒರಟುತನದ ಬಗ್ಗೆ ಅಲ್ಲ. ದೋಷ ಹುಡುಕಲೆಂದು ಕ್ರಮವಿಧಿಯಲ್ಲಿ ಒಂದು ಮುದ್ರಣದ ಸಾಲು ಸೇರಿಸಿದರೆ ಅದರ ವೇಗ ಬದಲಾಗಿ ದೋಷ ಮರೆಯಾಗುತ್ತದಲ್ಲ, ಅದು ಉಷ್ಣಮಾಪಕ ಇಟ್ಟರೆ ನೀರಿನ ತಾಪವೇ ಬದಲಾಗುವ ನಮ್ಮ ಹಳೆಯ ತೊಂದರೆ. ಆದರೂ ಹೆಸರು ಚೆನ್ನಾಗಿದೆ, ಉಳಿದುಕೊಂಡಿದೆ.

ಗ್ರೇ ಉಲ್ಲೇಖಿಸಿದ ಒಂದು ಲೆಕ್ಕ ಗಮನಾರ್ಹ. ಮುದ್ರಣದ ಸರತಿಯನ್ನು ನೋಡಿಕೊಳ್ಳುವ ತಂತ್ರಾಂಶವೊಂದರಲ್ಲಿ ದಾಖಲಾದ 132 ದೋಷಗಳಲ್ಲಿ ಒಂದು ಮಾತ್ರ ಬೋರ್‌ಬಗ್. ಉಳಿದವುಗಳಲ್ಲಿ ಮೊದಲನೆಯ ಕ್ರಮವಿಧಿ ಬಿದ್ದ ಜಾಗವನ್ನು ಜೋಡಿಯ ಎರಡನೆಯದು ಸರಾಗವಾಗಿ ದಾಟಿತ್ತು. ಹೀಗಾಗಲು ಕಾರಣ ಸರಳ: ಪ್ರತಿಸಲ ಎಡವುವ ದೋಷಗಳನ್ನು ಕಾರ್ಖಾನೆಯಲ್ಲೇ ಹಿಡಿದು ತೆಗೆದಿರುತ್ತಾರೆ. ಬಳಸುವವನ ಕೈಗೆ ಬರುವಷ್ಟರಲ್ಲಿ ಉಳಿದಿರುವುದು ಬಹುಪಾಲು ಮಾಯಾವಿಗಳೇ. ಹಾಗಾಗಿ "ನಮ್ಮಲ್ಲಿ ಹಾಗೆ ಆಗುತ್ತಿಲ್ಲ" ಎಂಬುದು ವರದಿ ಸುಳ್ಳೆನ್ನಲು ಸಾಕ್ಷ್ಯವಾಗದು. ಇಂಥ ದೋಷಕ್ಕೆ ಹೆಜ್ಜೆಗಳ ಪಟ್ಟಿಯಷ್ಟೇ ಸಾಲದು. ಎಷ್ಟು ಹೊತ್ತಿಗೆ, ಆಗ ಬೇರೆ ಯಾರು ಏನು ಮಾಡುತ್ತಿದ್ದರು, ಯಂತ್ರದ ಮೇಲೆ ಎಷ್ಟು ಹೊರೆ ಇತ್ತು, ಅದರ ದಿನಚರಿಯಲ್ಲಿ ಏನು ಬರೆದಿದೆ ಎಂಬ ಸನ್ನಿವೇಶವೂ ಬೇಕು.

1990ರಲ್ಲಿ ಗ್ರೇ ಇದೇ ಸಮೀಕ್ಷೆಯನ್ನು ಮುಂದುವರಿಸಿದಾಗ ತಂತ್ರಾಂಶದ ಪಾಲು ಅರ್ಧಕ್ಕಿಂತ ಮೇಲೇರಿತ್ತು. ಅದರೊಡನೆ ಒಂದು ಎಚ್ಚರಿಕೆಯನ್ನೂ ಸೇರಿಸಿದರು: ನಡೆಸುವವರ ತಪ್ಪುಗಳು ವರದಿಯಾಗುವುದು ಕಡಿಮೆ. ತಾನೇ ತಪ್ಪು ಗುಂಡಿ ಒತ್ತಿದೆನೆಂದು ಯಾರು ಬರೆದುಕೊಟ್ಟಾರು?

ಟೈಲರ್ ಆಸ್ಪತ್ರೆಯ ಭೌತವಿಜ್ಞಾನಿ

ಗ್ರೇ ವರದಿ ಬಂದ ಮರುವರ್ಷವೇ ಹೈಸನ್‌ಬಗ್ ಒಂದು ಅಮೆರಿಕದ ಟೆಕ್ಸಸ್ ರಾಜ್ಯದ ಟೈಲರ್ ಊರಿನಲ್ಲಿ ಕಾಣಿಸಿಕೊಂಡಿತು. ಅದು ದತ್ತಸಂಚಯವಲ್ಲ, ಕ್ಯಾನ್ಸರ್ ಚಿಕಿತ್ಸೆಯ ವಿಕಿರಣ ಯಂತ್ರ; ಕೆನಡಾದ ಅಟಾಮಿಕ್ ಎನರ್ಜಿ ಆಫ್ ಕೆನಡಾ ಲಿಮಿಟೆಡ್ ತಯಾರಿಸಿದ ಥೆರಾಕ್-25. ಆದರೆ ದೋಷದ ಜಾತಿ ಅದೇ: ಎರಡು ಕೆಲಸಗಳು ಏಕಕಾಲಕ್ಕೆ ಒಂದೇ ಮಾಹಿತಿಯನ್ನು ಮುಟ್ಟುವುದು. ವಿವರವಾಗಿ ಹೇಳಲು ಇನ್ನೊಂದು ಕಾರಣ, ಅದನ್ನು ಹಿಡಿದವರು ನಮ್ಮ ವೃತ್ತಿಬಾಂಧವರು.

1986ರ ಮಾರ್ಚ್ 21ರಂದು ಯಂತ್ರ ನಡೆಸುವಾಕೆ ಎಲೆಕ್ಟ್ರಾನ್ ಕಿರಣದ ಬದಲು ಎಕ್ಸ್-ಕಿರಣ ಎಂದು ಒತ್ತಿದ್ದು ಗಮನಕ್ಕೆ ಬಂದು, ಮೇಲ್ಮುಖ ಬಾಣದ ಕೀಲಿಯಿಂದ ಹಿಂದೆ ಹೋಗಿ ತಿದ್ದಿದರು. ಕೈ ಪಳಗಿತ್ತು, ಕೆಲವೇ ಸೆಕೆಂಡುಗಳ ಕೆಲಸ. ಕಿರಣ ಬಿಟ್ಟೊಡನೆ ಪರದೆಯಲ್ಲಿ 'ಮಾಲ್‌ಫಂಕ್ಷನ್ 54' ಎಂದು ಬಂತು. ಇದರ ಅರ್ಥವೇನೆಂದು ಕೈಪಿಡಿಯಲ್ಲಿ ಇರಲಿಲ್ಲ. ಇಂಥ ಸಂದೇಶಗಳು ದಿನವೂ ಬರುತ್ತಿದ್ದುದರಿಂದ ಮುಂದುವರಿಯುವ ಕೀಲಿ ಒತ್ತಿದರು. 180 ರ‍್ಯಾಡ್ ಪಡೆಯಬೇಕಿದ್ದ ರೋಗಿಯ ಮೇಲೆ ಅದರ ಎಷ್ಟೋ ಪಟ್ಟು ವಿಕಿರಣ ಬಿದ್ದಿತ್ತು. ತಯಾರಕರ ಇಂಜಿನಿಯರುಗಳು ಬಂದು ಇಡೀ ದಿನ ಪರೀಕ್ಷಿಸಿದರು; 54 ಮತ್ತೆ ಬರಲಿಲ್ಲ. ಈ ಯಂತ್ರದಿಂದ ಅತಿ ವಿಕಿರಣ ಸಾಧ್ಯವೇ ಇಲ್ಲವೆಂದರು. ಏಪ್ರಿಲ್ 7ರಂದು ಯಂತ್ರ ಮತ್ತೆ ಕೆಲಸಕ್ಕೆ ಬಂತು. ಏಪ್ರಿಲ್ 11ರಂದು ಅದೇ ಕೈ, ಅದೇ ತಿದ್ದುಪಡಿ, ಅದೇ 54. ಇಬ್ಬರು ರೋಗಿಗಳೂ ಅದೇ ವರ್ಷ ಪ್ರಾಣಬಿಟ್ಟರು.

ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್ ಯಂತ್ರವನ್ನು ಕೂಡಲೇ ನಿಲ್ಲಿಸಿದರು. ಆಮೇಲೆ ಅವರು ಮಾಡಿದ್ದು ಪ್ರಯೋಗ. ಯಂತ್ರ ನಡೆಸುವಾಕೆಗೆ ತಾನು ಮಾಡಿದ್ದೆಲ್ಲ ಹೆಜ್ಜೆಹೆಜ್ಜೆಯಾಗಿ ನೆನಪಿತ್ತು. ಇಬ್ಬರೂ ಕುಳಿತು ಅದೇ ಕೀಲಿಗಳನ್ನು ಅದೇ ಕ್ರಮದಲ್ಲಿ ಮತ್ತೆ ಮತ್ತೆ ಒತ್ತಿದರು; ಕೊನೆಗೆ 54ನ್ನು ಬೇಕೆಂದಾಗ ಬರಿಸುವಷ್ಟು ಹಿಡಿತ ಸಿಕ್ಕಿತು. ಮರುದಿನ ಕಂಪನಿಯ ಇಂಜಿನಿಯರು ಫೋನು ಮಾಡಿ, ತಮ್ಮಲ್ಲಿ ಆಗುತ್ತಿಲ್ಲ ಎಂದರು. ಹೇಗರ್ ಉತ್ತರ: ವೇಗವಾಗಿ ಒತ್ತಬೇಕು. ಅಷ್ಟು ಹೇಳಿದ ಮೇಲೆ ಅಲ್ಲಿಯೂ ಆಯಿತು. ಕಿರಣವನ್ನು ತಿರುಗಿಸುವ ಕಾಂತಗಳು ಹೊಂದಿಕೊಳ್ಳಲು ಸುಮಾರು ಎಂಟು ಸೆಕೆಂಡು ಬೇಕಿತ್ತು. ಅಷ್ಟರೊಳಗೆ ತಿದ್ದುಪಡಿ ಮುಗಿದರೆ ಯಂತ್ರದ ಒಂದು ಭಾಗಕ್ಕೆ ಅದು ತಿಳಿಯುತ್ತಲೇ ಇರಲಿಲ್ಲ. ನಿಧಾನವಾಗಿ, ಎಚ್ಚರಿಕೆಯಿಂದ ಪರೀಕ್ಷಿಸುವ ಇಂಜಿನಿಯರಿಗೆ ದೋಷ ಕಾಣದಿದ್ದುದು ಅವರ ಎಚ್ಚರಿಕೆಯಿಂದಲೇ! ಅಳೆದು ನೋಡಿದಾಗ ಕಿರಣದ ನಡುವೆ ಸುಮಾರು 25,000 ರ‍್ಯಾಡ್. ತಕ್ಷಣದ ಪರಿಹಾರವಾಗಿ ಕಂಪನಿ ಸೂಚಿಸಿದ್ದು ಮೇಲ್ಮುಖ ಬಾಣದ ಕೀಲಿಯನ್ನು ಕಿತ್ತು ಆ ಜಾಗಕ್ಕೆ ಟೇಪು ಅಂಟಿಸುವುದನ್ನು.

ಹೇಗರ್ ಮಾಡಿದ ಕೆಲಸದ ಇನ್ನೊಂದು ಮುಖ, ಉಳಿದ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕುವುದು. ಅದನ್ನು ಮಾದರಿಯಾಗಿ ಮಾಡಿ ತೋರಿಸಿದವರು ವರ್ಜೀನಿಯಾದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ. 1994ರ ಜೂನಿನಲ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಕೂಡುತ್ತಿದ್ದಾಗ ಅವರ ಲೆಕ್ಕ ಹೊಂದಲಿಲ್ಲ. ತನ್ನ ಕ್ರಮವಿಧಿ, ಅನುವಾದಕ ತಂತ್ರಾಂಶ, ಗಣಕದ ಮುಖ್ಯ ಫಲಕ ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿ ಬಿಟ್ಟು, ಅಕ್ಟೋಬರಿನ ಹೊತ್ತಿಗೆ ಪೆಂಟಿಯಮ್ ಚಿಪ್ಪಿನ ಭಾಗಾಕಾರದಲ್ಲೇ ದೋಷವೆಂದು ಖಚಿತಪಡಿಸಿಕೊಂಡರು. ವರದಿ ಎಷ್ಟು ಚಿಕ್ಕದಾಗಿತ್ತೆಂದರೆ 1ನ್ನು 824633702441ರಿಂದ ಭಾಗಿಸಿ ನೋಡಿ ಎಂಬ ಒಂದೇ ಲೆಕ್ಕವನ್ನು ಯಾರು ಬೇಕಾದರೂ ತಮ್ಮ ಮನೆಯ ಯಂತ್ರದಲ್ಲಿ ಮಾಡಬಹುದಿತ್ತು. ಮಾಡಿದರು ಕೂಡ. ಡಿಸೆಂಬರ್ 20ರಂದು ಇಂಟೆಲ್ ಕೇಳಿದವರಿಗೆಲ್ಲ ಚಿಪ್ಪು ಬದಲಿಸಿಕೊಡಲು ಒಪ್ಪಿತು. ಕಂಪನಿಗೆ ತಗುಲಿದ ವೆಚ್ಚ 47.5 ಕೋಟಿ ಡಾಲರು.

ಹೀಗೆ ದೋಷವನ್ನು ಅದರ ಅತಿ ಚಿಕ್ಕ ರೂಪಕ್ಕೆ ಇಳಿಸುವುದನ್ನೇ ಯಾಂತ್ರಿಕ ವಿಧಾನವಾಗಿಸಿದವರು ಜರ್ಮನಿಯ ಆಂಡ್ರಿಯಾಸ್ ಜೆಲ್ಲರ್. ಮೊಜಿಲ್ಲಾ ಜಾಲದರ್ಶಕವನ್ನು ಕೆಡಿಸುತ್ತಿದ್ದ 896 ಸಾಲುಗಳ ಪುಟವೊಂದನ್ನು ಅವರ ವಿಧಾನ ಒಂದೇ ಸಾಲಿಗೆ ಇಳಿಸಿತು. ಅರ್ಧ ತೆಗೆ, ನೋಡು, ಉಳಿದರ್ಧದಲ್ಲಿ ಮತ್ತೆ ಅರ್ಧ ತೆಗೆ: ಮನೆಯ ವೈರಿಂಗ್ ದೋಷವನ್ನು ನಮ್ಮ ಎಲೆಕ್ಟ್ರಿಷಿಯನ್ನರು ಹುಡುಕುವುದೂ ಹೀಗೆಯೇ ತಾನೇ? 2008ರಲ್ಲಿ ಅಪಾಚಿ, ಎಕ್ಲಿಪ್ಸ್, ಮೊಜಿಲ್ಲಾ ಯೋಜನೆಗಳ 466 ಮಂದಿ ಉತ್ತರಿಸಿದ ಸಮೀಕ್ಷೆಯೊಂದು ನಡೆಯಿತು. ದೋಷ ಮತ್ತೆ ಬರಿಸುವ ಹೆಜ್ಜೆಗಳೇ ತಮಗೆ ಎಲ್ಲಕ್ಕಿಂತ ಉಪಯುಕ್ತ ಎಂದರು ತಂತ್ರಾಂಶ ಬರೆಯುವವರು. ಒದಗಿಸಲು ಬಲು ಕಷ್ಟವಾದವುಗಳಲ್ಲಿ ಅದೇ ಒಂದು ಎಂದರು ವರದಿ ಮಾಡುವವರು.

ವರದಿ ಮಾಡಿದವರೇ ಅಪರಾಧಿಗಳಾದಾಗ

ಹೇಗರ್ ಕೈಯಲ್ಲಿ ಯಂತ್ರವಿತ್ತು, ನೈಸ್ಲಿ ಕೈಯಲ್ಲಿ ಚಿಪ್ಪಿತ್ತು. ಯಂತ್ರದೊಳಗನ್ನು ನೋಡಲು ಅವಕಾಶವೇ ಇಲ್ಲದವರ ವರದಿಯ ಗತಿ ಏನು? ಬ್ರಿಟನ್ನಿನ ಅಂಚೆ ಕಚೇರಿಗಳ 'ಹೊರೈಜನ್' ಪ್ರಕರಣ ಇದಕ್ಕೆ ಉತ್ತರ.

ಹಳ್ಳಿ ಪಟ್ಟಣಗಳ ಸಾವಿರಾರು ಅಂಚೆ ಶಾಖೆಗಳ ಲೆಕ್ಕವಿಡಲು 1999ರಿಂದ ಹೊರೈಜನ್ ಜಾರಿಗೆ ಬಂತು, ನಡೆಸುತ್ತಿದ್ದುದು ಫುಜಿತ್ಸು. ಶಾಖೆಯ ಕೌಂಟರಿನಲ್ಲಿ ನಡೆದ ಪ್ರತಿ ವಹಿವಾಟೂ ಸಂದೇಶಗಳ ಉಗ್ರಾಣವೊಂದರಲ್ಲಿ ದಾಖಲಾಗಿ ಕೇಂದ್ರಕ್ಕೆ ನಕಲಾಗಬೇಕು. ಅಂದರೆ ಹಲವೆಡೆ ಹಂಚಿಹೋದ ದತ್ತಸಂಚಯ. ಸ್ವಲ್ಪದರಲ್ಲೇ ಶಾಖೆ ನಡೆಸುವವರ ಲೆಕ್ಕದಲ್ಲಿ ವಿವರಿಸಲಾಗದ ಕೊರತೆಗಳು ಕಂಡವು. ಸಹಾಯವಾಣಿಗೆ ಕರೆ ಮಾಡಿದರು. ಸಿಕ್ಕ ಉತ್ತರ: ಬೇರೆ ಯಾರಿಗೂ ಹೀಗೆ ಆಗುತ್ತಿಲ್ಲ, ತಪ್ಪು ನಿಮ್ಮದೇ. ಕರಾರಿನ ಪ್ರಕಾರ ಕೊರತೆಯನ್ನು ಅವರೇ ತುಂಬಬೇಕು. ಹಲವರು ಮನೆ ಮಾರಿ ತುಂಬಿದರು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನರಿಗೆ ಕಳ್ಳತನ, ಸುಳ್ಳು ಲೆಕ್ಕದಂಥ ಅಪರಾಧಗಳಿಗಾಗಿ ಶಿಕ್ಷೆಯಾಯಿತು. ಗಣಕ ಸರಿಯಾಗಿಯೇ ಕೆಲಸ ಮಾಡುತ್ತಿತ್ತೆಂದು ನ್ಯಾಯಾಲಯ ಭಾವಿಸಿಕೊಳ್ಳುವುದು ಅಲ್ಲಿಯ ಪದ್ಧತಿಯಾಗಿತ್ತು. ಅಲ್ಲವೆಂದು ತೋರಿಸುವ ಹೊರೆ ಯಂತ್ರದ ಒಳಗನ್ನು ಎಂದೂ ನೋಡದವರ ಮೇಲೆ.

ಸ್ಕಾಟ್ಲೆಂಡಿನ ಡಾಲ್‌ಮೆಲ್ಲಿಂಗ್‌ಟನ್ ಶಾಖೆಯ ಪ್ರಸಂಗ ನೋಡಿ. 2015ರ ಅಕ್ಟೋಬರಿನಲ್ಲಿ 8,000 ಪೌಂಡಿನ ಒಂದು ಹಣದ ಚೀಲವನ್ನು ದಾಖಲಿಸುವಾಗ ಪರದೆ ಮುಂದಕ್ಕೆ ಹೋಗಲಿಲ್ಲ. ಎಂಟರ್ ಕೀಲಿಯನ್ನು ಮತ್ತೆ ಒತ್ತಿದರು. ಒಂದೇ ಚೀಲ ನಾಲ್ಕು ಸಲ ದಾಖಲಾಗಿ 32,000 ಆಯಿತು, ಕೈಯಲ್ಲಿಲ್ಲದ 24,000 ಪೌಂಡು ಕೊರತೆಯಾಗಿ ನಿಂತಿತು. ಆಮೇಲೆ ಫುಜಿತ್ಸು ಹಿಂದಿನ ದಾಖಲೆಗಳನ್ನು ಕೆದಕಿದಾಗ ಇದೇ ದೋಷದ ನೂರಕ್ಕೂ ಹೆಚ್ಚು ನಿದರ್ಶನಗಳು ಸಿಕ್ಕವು. ಮೊದಲನೆಯವು ಐದು ವರ್ಷ ಹಳೆಯವು. ಇದಕ್ಕೂ ಹಿಂದೆ, ಫಾಲ್‌ಕರ್ಕ್ ಊರಿನ ಕ್ಯಾಲೆಂಡರ್ ಸ್ಕ್ವೇರ್ ಶಾಖೆಯ ಹೆಸರಿನಿಂದ ಪ್ರಸಿದ್ಧವಾದ ದೋಷವೂ 2006ರಲ್ಲಿ ತಿದ್ದುಪಡಿಯಾಗುವ ಮೊದಲು ವರ್ಷಗಟ್ಟಲೆ ಬೇರೆ ಬೇರೆ ಶಾಖೆಗಳಲ್ಲಿ ಕಾಣಿಸಿಕೊಂಡಿತ್ತು. ವರದಿಗಳು ಇರಲಿಲ್ಲವೆಂದಲ್ಲ. 'ಗೊತ್ತಿರುವ ದೋಷಗಳ ದಾಖಲೆ' ಎಂಬುದೇ ಫುಜಿತ್ಸುವಿನಲ್ಲಿತ್ತು. ಅದು ದೂರು ಕೊಟ್ಟವರ ಕೈಗೂ ಅವರ ವಕೀಲರ ಕೈಗೂ ಸಿಗುತ್ತಿರಲಿಲ್ಲ, ಅಷ್ಟೇ.

ವೇಲ್ಸಿನ ಅಂಚೆ ಶಾಖೆಯೊಂದನ್ನು ಕಳೆದುಕೊಂಡ ಆಲನ್ ಬೇಟ್ಸ್ ಇಂಥವರನ್ನು ಒಂದುಗೂಡಿಸಿದರು. 'ಬೇರೆ ಯಾರಿಗೂ ಆಗುತ್ತಿಲ್ಲ' ಎಂಬ ಮಾತು ಬಿದ್ದುಹೋದದ್ದು ಆಗಲೇ. 555 ಮಂದಿಯ ಮೊಕದ್ದಮೆಯಲ್ಲಿ 2019ರ ಡಿಸೆಂಬರ್ 16ರಂದು ನ್ಯಾಯಮೂರ್ತಿ ಫ್ರೇಸರ್, ಹಳೆಯ ಹೊರೈಜನ್ ನಂಬಲರ್ಹವಾಗಿರಲಿಲ್ಲ, ಅದರ ದೋಷಗಳಿಂದ ಶಾಖೆಗಳ ಲೆಕ್ಕ ತಪ್ಪಿರುವುದು ನಿಜ ಎಂದು ತೀರ್ಪಿತ್ತರು. 2021ರ ಏಪ್ರಿಲಿನಲ್ಲಿ ಮೇಲ್ಮನವಿ ನ್ಯಾಯಾಲಯ 39 ಜನರ ಶಿಕ್ಷೆ ರದ್ದುಮಾಡಿತು. 2024ರ ಮೇ ತಿಂಗಳಲ್ಲಿ ಸಂಸತ್ತು ಕಾಯಿದೆಯನ್ನೇ ತಂದು ನೂರಾರು ಶಿಕ್ಷೆಗಳನ್ನು ಒಮ್ಮೆಲೇ ಅಳಿಸಿಹಾಕಿತು. ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು.

ಇಪ್ಪತ್ತು ವರ್ಷದ ನಂಬಿಕೆ

ಇದಕ್ಕೆ ತದ್ವಿರುದ್ಧವಾದ ವಾತಾವರಣದಲ್ಲಿ ನಡೆದದ್ದು ಪೋಸ್ಟ್‌ಗ್ರೆಸ್‌ಕ್ಯೂಎಲ್ ಪ್ರಸಂಗ. ಇದು ಬರ್ಕ್‌ಲಿಯ ಇಂಗ್ರೆಸ್ ಮನೆತನದ್ದೇ ದತ್ತಸಂಚಯ. 1986ರಲ್ಲಿ ಆರಂಭವಾಗಿ, 1996ರಿಂದ ಈ ಹೆಸರಿನಲ್ಲಿ ಯಾರು ಬೇಕಾದರೂ ಬಳಸುವಂತೆ, ಒಳಗನ್ನು ಓದುವಂತೆ ಬೆಳೆದುಬಂದದ್ದು. ದೋಷವರದಿ ಹೇಗಿರಬೇಕೆಂದು ಇದರ ಕೈಪಿಡಿಯಲ್ಲಿ ಒಂದು ಭಾಗವೇ ಇದೆ. ತಪ್ಪು ಉತ್ತರ ಕೊಟ್ಟ ಪ್ರಶ್ನೆಯನ್ನು ಮಾತ್ರ ಕಳಿಸಿದರೆ ಸಾಲದು, ಕೋಷ್ಟಕ ರಚಿಸುವ ಸಾಲಿನಿಂದ ಹಿಡಿದು ಅದರಲ್ಲಿ ತುಂಬಿದ ಅಂಕಿಗಳವರೆಗೆ ಎಲ್ಲವೂ ಇರಬೇಕೆಂದು ಅದು ಕೇಳುತ್ತದೆ. ನನ್ನ ಐದು ವಿದ್ಯಾರ್ಥಿಗಳ ಕೋಷ್ಟಕವನ್ನು ಹಾಗೆ ಬರೆಯಲು ಹೊರಟಿದ್ದರೆ, ಖಾಲಿ ಜಾಗ ಬರೆಯುವಾಗಲೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ.

2018ರ ಮಾರ್ಚ್ ಕೊನೆಯಲ್ಲಿ ಅದರ ಅಭಿವೃದ್ಧಿಗಾರರಲ್ಲೊಬ್ಬರಾದ ಕ್ರೇಗ್ ರಿಂಗರ್ ತಮ್ಮ ಸಹೋದ್ಯೋಗಿಗಳ ಮುಂದೆ ಒಂದು ವರದಿ ಇಟ್ಟರು. ವಿಷಯ ಅರ್ಥವಾಗಲು ಒಂದು ಹಿನ್ನೆಲೆ ಬೇಕು. ದತ್ತಸಂಚಯ ಬರೆದದ್ದು ನೇರವಾಗಿ ಡಿಸ್ಕಿಗೆ ಹೋಗುವುದಿಲ್ಲ. ಕಾರ್ಯಾಚರಣೆ ವ್ಯವಸ್ಥೆ, ಇಲ್ಲಿ ಲಿನಕ್ಸ್, ಅದನ್ನು ಸ್ಮೃತಿಯಲ್ಲಿ ಇಟ್ಟುಕೊಂಡು ಬಿಡುವಾದಾಗ ಬರೆಯುತ್ತದೆ. "ಈಗಲೇ ಡಿಸ್ಕಿಗೆ ಮುಟ್ಟಿಸು, ಮುಟ್ಟಿದ ಮೇಲೆ ಹೇಳು" ಎಂಬ ಆಜ್ಞೆಗೆ 'ಎಫ್‌ಸಿಂಕ್' ಎಂದು ಹೆಸರು. ಡಿಸ್ಕು ಕೈಕೊಟ್ಟರೆ ಎಫ್‌ಸಿಂಕ್ 'ಆಗಲಿಲ್ಲ' ಎನ್ನುತ್ತದೆ. ಆಗ ಪೋಸ್ಟ್‌ಗ್ರೆಸ್‌ಕ್ಯೂಎಲ್ ಸ್ವಲ್ಪ ತಡೆದು ಮತ್ತೊಮ್ಮೆ ಕೇಳುತ್ತಿತ್ತು. 'ಆಯಿತು' ಎಂದು ಬಂದರೆ ಮುಂದುವರಿಯುತ್ತಿತ್ತು. ನಾವೂ ನೀವೂ ಇದ್ದರೂ ಹೀಗೆಯೇ ಮಾಡುತ್ತಿದ್ದೆವು.

ರಿಂಗರ್ ತೋರಿಸಿದ್ದೇನೆಂದರೆ, ಆ ಎರಡನೆಯ 'ಆಯಿತು' ಸುಳ್ಳು. ಮೊದಲ ಸಲ ವಿಫಲವಾದೊಡನೆ ಲಿನಕ್ಸ್ ಆ ಪುಟಗಳನ್ನು ಬರೆದಾಗಿದೆ ಎಂದೇ ಗುರುತು ಹಾಕಿಬಿಡುತ್ತಿತ್ತು. ಎರಡನೆಯ ಸಲ ಕೇಳಿದಾಗ ಬರೆಯಲು ಬಾಕಿ ಏನೂ ಇಲ್ಲ, ಆದ್ದರಿಂದ 'ಆಯಿತು'! ಮಾಹಿತಿ ಡಿಸ್ಕಿನಲ್ಲಿ ಇಲ್ಲ. ಅದನ್ನು ಮತ್ತೆ ಕಟ್ಟಿಕೊಳ್ಳಲು ಇಟ್ಟಿದ್ದ ದಿನಚರಿಯನ್ನೂ ದತ್ತಸಂಚಯ ಇನ್ನು ಬೇಡವೆಂದು ಕೈಬಿಡುತ್ತಿತ್ತು.

ಆ ವರದಿಯನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕೆನಿಸುತ್ತದೆ. ತಲೆಬರಹದಲ್ಲೇ ದೋಷ ಯಾವುದು, ಅಪಾಯ ಯಾವುದು, ಎಲ್ಲಿ ಖಚಿತವಾಗಿದೆ ಎಂಬುದಿದೆ. ಒಬ್ಬ ಬಳಕೆದಾರರಿಗೆ ಡಿಸ್ಕಿನ ತೊಂದರೆಯ ನಂತರ ಮಾಹಿತಿ ಕೆಟ್ಟುಹೋದ ನಿಜ ಘಟನೆಯಿಂದ ಆರಂಭ. ಬೈಗುಳವಿಲ್ಲ. 'ಎಲ್ಲ ಕಡೆಯೂ ಹೀಗೆ' ಎಂಬ ಉತ್ಪ್ರೇಕ್ಷೆಯಿಲ್ಲ. ಲಿನಕ್ಸಿನಲ್ಲಂತೂ ಹೀಗೆ, ಎಂದಷ್ಟೇ. ಪರಿಹಾರದ ಸೂಚನೆಯೂ ಇದೆ, ಅದು ಕಂಡ ಸಂಗತಿಗಳೊಂದಿಗೆ ಬೆರೆಯದೆ ಬೇರೆ ನಿಂತಿದೆ. ಓದಿದವರು ಮೊದಲು ನಂಬಲಿಲ್ಲ. ಇಷ್ಟು ವರ್ಷ ಯಾರಿಗೂ ಕಾಣದೆ ಹೇಗಿದ್ದೀತು ಎಂಬ ಸಂದೇಹ ಸಹಜವೇ. ಆದರೆ ಲಿನಕ್ಸಿನ ಒಳಗೂ ತೆರೆದ ಪುಸ್ತಕ. ಹೋಗಿ ಓದಿದರು, ಹಾಗೆಯೇ ಇತ್ತು. ಏಪ್ರಿಲಿನಲ್ಲಿ ಲಿನಕ್ಸಿನ ಕಡತ ವ್ಯವಸ್ಥೆಯನ್ನು ಬರೆಯುವವರೂ ಚರ್ಚೆಗೆ ಸೇರಿದರು. ಅವರ ವಾದವೂ ಹುರುಳಿಲ್ಲದ್ದಲ್ಲ: ಪೆನ್‌ಡ್ರೈವನ್ನು ನಡುವೆಯೇ ಕಿತ್ತುಕೊಂಡು ಹೋದವನ ಬರೆಯದ ಪುಟಗಳನ್ನು ಸ್ಮೃತಿಯಲ್ಲಿ ಎಷ್ಟು ಹೊತ್ತು ಹೊತ್ತುಕೊಂಡಿರಲಿ? ಎರಡೂ ಕಡೆಯವರು ತಮ್ಮ ತಮ್ಮ ಮಟ್ಟಿಗೆ ಸರಿ. ಇಬ್ಬರ ನಡುವಿನ ಒಪ್ಪಂದವನ್ನು ಮಾತ್ರ ಯಾರೂ ಸ್ಪಷ್ಟವಾಗಿ ಬರೆದಿಟ್ಟಿರಲಿಲ್ಲ.

2019ರ ಫೆಬ್ರವರಿ 14ರಂದು ಆಗ ಬಳಕೆಯಲ್ಲಿದ್ದ ಎಲ್ಲ ಆವೃತ್ತಿಗಳಿಗೂ ತಿದ್ದುಪಡಿ ಬಂತು. ಎಫ್‌ಸಿಂಕ್ ಒಮ್ಮೆ 'ಆಗಲಿಲ್ಲ' ಎಂದರೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ಮತ್ತೆ ಕೇಳುವುದಿಲ್ಲ. ಕೆಲಸ ನಿಲ್ಲಿಸಿ, ದಿನಚರಿಯನ್ನು ಓದಿ, ಮಾಹಿತಿಯನ್ನು ಮತ್ತೆ ಕಟ್ಟಿಕೊಂಡು ಏಳುತ್ತದೆ. ಬೇರೆ ಕೆಲವು ದತ್ತಸಂಚಯಗಳೂ ತಮ್ಮ ಒಳಗನ್ನು ನೋಡಿಕೊಂಡು ಇಂಥದೇ ಬದಲಾವಣೆ ಮಾಡಿಕೊಂಡವು. ಹಳೆಯ ರೀತಿಯೇ ಬೇಕೆನ್ನುವವರಿಗಾಗಿ 'ಡೇಟಾ ಸಿಂಕ್ ರೀಟ್ರೈ' ಎಂಬ ಒಂದು ಸ್ವಿಚ್ಚನ್ನು ಉಳಿಸಿದ್ದಾರೆ. ತಾನಾಗಿ ಅದು ಆರಿಯೇ ಇರುತ್ತದೆ.